ಠಣ್ ಅನ್ನದ ಗಾಲಿ

ಅಪ್ಪನ ನೌಕರಿ ಅಂದ್ರ ಕೇಳೂದು.
ನಡುರಾತ್ರಿ ಹುಬ್ಬಳ್ಳಿ ಸ್ಟೇಷನ್ನಿನಾಗ ಗಾಡಿ ನಿಂತ ಕೂಡ್ಲೆ
ಒಂದು ಕೈಯಾಗ ಕಂದೀಲು, ಒಂದರಾಗ ಉದ್ದ ಕಾವಿನ ಸುತ್ತಿಗಿ,
ಗಾಲಿಗೊಂದು ಪೆಟ್ಟು.
ಒಳಗ ಮಂದಿ ಬಾಯಿ ತಕ್ಕೊಂಡು ಮಲಗಿರತಿದ್ರು.
ಠಣ್ ಅಂದ್ರ ಗಟ್ಟಿ.
ಠಪ್ ಅಂದ್ರ ಒಳಗೆಲ್ಲೋ ಬಿರುಕು,
ಸೀಮೆಸುಣ್ಣದ ಗೀಟು ಎಳದು ಮುಂದಿನ ಗಾಲಿಗೆ.
"ಬಿರುಕಬಿಟ್ಟ ಗಾಲಿಗೆ ಯಾರೂ ಬೈಯೂದಿಲ್ಲ ರೇಣಾ,
ಕೇಳಿಸಿದ್ರೂ ಸುಮ್ಮನಾದಾಂವನ ನೌಕರಿ ಹೋಗತೈತಿ."

ಆ ಅಪ್ಪ ಲಕ್ವಾ ಹೊಡದು
ಆರು ವರ್ಷ ನಾಲ್ಕು ತಿಂಗಳ
ಕಬ್ಬಿಣದ ಮಂಚದ ಮ್ಯಾಲೆ.
ಮಾತು ಹೋಗಿತ್ತು, ಎಡಗೈ ಒಂದು ಉಳದಿತ್ತು.
ಉಂಗುರದಿಂದ ಮಂಚದ ಕಾಲಿಗೆ ಬಡೀತಿದ್ದ:
ಒಂದು ಪೆಟ್ಟಿಗೆ ನೀರು,
ಎರಡಕ್ಕ ಮಗ್ಗಲ ಹೊಳ್ಳಿಸು,
ಮೂರಕ್ಕ, ಹಾಸಿಗಿ ತೋಯ್ದೈತಿ.

ಹೋದ ಶ್ರಾವಣದಾಗ ಹೋದ,
ವರ್ಕ್‌ಶಾಪಿನ ಭೋಂಗಾ ಆಗೂ ಹೊತ್ತಿಗೆ.
ಫಕೀರವ್ವ ನನ್ನ ಗಲ್ಲ ಹಿಡದು
"ಹತ್ತು ಗಂಡಸಮಕ್ಕಳು ಮಾಡದ್ದ ನೀ ಮಾಡಿದಿ,
ನಿನಗ ಸ್ವರ್ಗ ಐತಿ" ಅಂದ್ಲು.
ಸೆರಗಿನಾಗ ಮಾರಿ ಮುಚ್ಚಿಕೊಂಡೆ.
ಅಳಾಕತ್ತಾಳ ಅಂದ್ರು.

ಆ ರಾತ್ರಿ ಎಂಟು ತಾಸು ಮಲಗಿದೆ.
ಕನಸಿಲ್ಲ, ಎಚ್ಚರಿಲ್ಲ.
ಕಣ್ಣು ಬಿಟ್ರ ಕಿಡಕಿ ತುಂಬ ಬಿಸಿಲು,
ಮೈ ಅರಳಿಯಾಗಿತ್ತು.
ಹಗುರಾದ್ದಕ್ಕ ಹೆದರಿದೆ.

ಅವತ್ತಿಂದ ನನಗ ಪುರಸೊತ್ತಿಲ್ಲ.
ಹೊಳಿಯೂ ತಾಮ್ರದ ಹಂಡೆನ ಮತ್ತ ತಿಕ್ಕೂದು,
ದುರ್ಗದ ಬೈಲ್ ತನಕ ನಡಕೋತ ಹೋಗಿ
ಒಬ್ಬಾಕಿ ಉಣ್ಣಲಾರದಷ್ಟು ಕಾಯಿಪಲ್ಲೆ ತರೂದು.
ಕುಂತ್ರ ಎದಿಯಾಗ ಠಪ್.
ಗ್ಯಾಸು ಅಂದ ಡಾಕ್ಟರ್.
ಗುಳಿಗಿ ನುಂಗಿದೆ.

ಮಂಚ ಮಾರಬೇಕಂತ ಗುಜರಿ ಬಾಬಾಜಾನಗ ನಾಳೆ ಬಾ ಅಂದಿದ್ದೆ.
ರಾತ್ರಿ ಕೆಳಗ ಕಸ ಹೊಡಿಯೂವಾಗ ಸಿಕ್ತು,
ಗೋಣಿತಟ್ಟಿನಾಗ ಸುತ್ತಿದ ಸುತ್ತಿಗಿ.
ಯಾಕ ಬಡದೆನೋ.
ಮೂರು ಕಾಲು ಠಣ್ ಅಂದ್ವು.
ತಲಿದಿಂಬಿನ ಕಡೀದು, ಅವನ ಉಂಗುರ ಸವಸಿದ್ದು,
ಠಪ್.

ಯುಗಾದಿ ಹಿಂದಿನ ರಾತ್ರಿ. ಮೂರು ಪೆಟ್ಟು.
ನನಗ ಎಚ್ಚರಿತ್ತು.
ಗ್ವಾಡಿ ಕಡೆ ಮಾರಿ ಮಾಡಿ ಎಣಿಸಿದೆ.
ಮತ್ತ ಮೂರು.
ಇವ ಸಾಯಬಾರದ ಒಮ್ಮೆ, ಅಂದೆ. ಮನಸಿನಾಗ. ತುಟಿ ಅಲುಗಿದ್ವೇನೋ.
ಮತ್ತ ಮೂರು, ಮೆತ್ತಗ.
ಆಮ್ಯಾಲೆ ಬಡೀಲಿಲ್ಲ.
ಮುಂಜಾನೆ ಹಾಸಿಗಿ ಬದಲಿ ಮಾಡೂವಾಗ
ಅವ ನನ್ನ ನೋಡಿದನೋ ಇಲ್ಲೋ,
ನಾ ನೋಡಲಿಲ್ಲ.

ಸುತ್ತಿಗಿ ತೊಡಿ ಮ್ಯಾಲಿಟ್ಟುಕೊಂಡು
ಬರೇ ಮಂಚಕ್ಕ ಹೇಳಿದೆ, ಬಾಯಿ ಬಿಟ್ಟು:
ಅಪ್ಪಾ, ನೀ ಹೋದದ್ದು ನನಗ ಆರಾಮಾತು.
ಹಂಚು ಬೀಳಲಿಲ್ಲ.
ಹೊರಗ ಗದಗಿನ ಕಡೆ ಗೂಡ್ಸ್ ಗಾಡಿ ಒಂದು ಹೊಂಟಿತ್ತು.

ಒಂದ ಡಬ್ಬಿ ಅಂದ್ಕೊಂಡಿದ್ದೆ, ಗಾಡಿನ ಇತ್ತು.
ಆರಾಮದ ಹಿಂದ ನಾಚಿಕಿ,
ನಾಚಿಕಿ ಹಿಂದ ಸಿಟ್ಟು,
ಒಂದ ರಾತ್ರಿನೂ ಇರದ ತಮ್ಮ ಸಿದ್ಲಿಂಗನ ಮ್ಯಾಲೆ,
ಹೆಸರಿಲ್ಲದ ಎರಡು ಡಬ್ಬಿ,
ಅದರ ಹಿಂದ ಪ್ಲಾಟ್‌ಫಾರ್ಮಿನ ಮ್ಯಾಲೆ ಅಪ್ಪನ ಹೆಗಲು,
ನನ್ನ ಕಿವಿ ಹಿಡದು "ಕೇಳು, ಕೇಳು" ಅಂತಿದ್ದ ಬೀಡಿವಾಸನಿ ಕೈ.
ಆಗ ಅತ್ತೆ, ಮೂಗು ಒರಸ್ಕೋಳಾಕ ಸೆರಗು ಸಾಲದಂಗ.
ಬಡಕೋತ ಹೊಂಟೀನಿ ಇನ್ನೂ.
ಗಾರ್ಡಿನ ಡಬ್ಬಿ ಕಂಡಿಲ್ಲ.

ಮುಂಜಾನೆ ಬಾಬಾಜಾನ್ ಬಂದ.
ಸೀಳಿದ ಕಾಲಿಗೆ ನಾನ ಸೀಮೆಸುಣ್ಣದ ಗೀಟು ಎಳದು ತೋರಿಸಿದೆ.
ಎಂಬತ್ತು ರೂಪಾಯಿ ಕಡಿಮಿ ಕೊಟ್ಟ.

ಸಂಜಿಮುಂದ ಫಕೀರವ್ವ ಕಟ್ಟಿಗೆ ಬಂದು
ಮತ್ತ ಅದ ಸ್ವರ್ಗದ ಮಾತು ತಗದ್ಲು.
ಕೂಡು ಅಂದೆ.
ಒಂದೀಟು ಹೇಳೂದೈತಿ,
ಚಾ ಇಡ್ತೀನಿ.