ತಳಕ್ಕೆ ಕೂತದ್ದು

ಬರಕೊಳ್ಳಿ ಸಾಹೇಬ್ರೆ, ನಿಮ್ಮ ಕಾಗದದಲ್ಲಿ ಜಾಗವಿದ್ದರೆ:
ಮುದಿಯವ್ವನ ಕಟ್ಟೆ, ಹೊಳಲ್ಕೆರೆ ತಾಲೂಕು.
ಏರಿಯ ಉದ್ದ ನನ್ನ ಹೆಜ್ಜೆಯಲ್ಲಿ ಐನೂರ ಹನ್ನೆರಡು,
ಬಸುರಿಯಾಗಿದ್ದಾಗ ಆರುನೂರು ದಾಟಿತ್ತು.
ನೀರಗಂಟಿ ಪಾಲಯ್ಯ ಅಂತಲೇ ಇರಲಿ ಹೆಸರು.
ಅವನ ಮೊಣಕಾಲು ಹೋಗಿ ಒಂಬತ್ತು ವರ್ಷ,
ಅಂದಿನಿಂದ ಸುತ್ತುವವಳು ನಾನು.

ಮೇಲೆ ನಿಂತು ನೋಡಿದರೆ ಏರಿ ಚೆನ್ನಾಗಿದೆ.
ಎಲ್ಲರೂ ಮೇಲೆ ನಿಂತೇ ನೋಡುತ್ತಾರೆ:
ನೀರು, ಕೊಕ್ಕರೆ, ಆಚೆ ಗುಡ್ಡದಲ್ಲಿ ಗಾಳಿಯಂತ್ರದ ರೆಕ್ಕೆ,
ಒಂದು ಫೋಟೊ.
ಇಳಿಯಿರಿ ಇತ್ತ, ಹೊರಮೈಗೆ. ಚಪ್ಪಲಿ ಕೈಯಲ್ಲಿ ಹಿಡಕೊಳ್ಳಿ.
ಈ ಬಳ್ಳಾರಿ ಜಾಲಿ, ಕಡಿದರೆ ಬೇರು ಕೊಳೆತು ನೀರಿಗೆ ಕೊಳವೆ,
ಬಿಟ್ಟರೆ ಬೇರು ಬೆಳೆದು ನೀರಿಗೆ ದಾರಿ.
ಬೆರಳಷ್ಟಿದ್ದಾಗಲೇ ಕೀಳಬೇಕಿತ್ತು;
ಆಗ ಪಂಚಾಯ್ತಿಗೂ ಇಲಾಖೆಗೂ, ಅದು ಯಾರ ಕೆಲಸ ಅಂತ
ಮಾತು ನಡೀತಿತ್ತು.
ಇದು ಹೆಗ್ಗಣದ್ದು. ಇದು ಏಡಿಯದು. ಈ ದೊಡ್ಡ ತೂತು ಯಾರದೋ,
ಕೈ ಹಾಕುವ ಧೈರ್ಯ ನನಗಿಲ್ಲ, ನೀವು ಹಾಕಿ.
ಎರಡು ಬೇಸಿಗೆ ಹಿಂದೆ ಏರಿ ಬಿರಿದಾಗ
ಆಳ ನೋಡಲು ಮೊಣಕೈವರೆಗೆ ತೋಳಿಳಿಸಿದ್ದೆ,
ಹಸಿರು ಬಳೆಯೊಂದು ಒಡೆದು ಒಳಗೇ ಉಳಿಯಿತು.
ಮಳೆಗೆ ಬಿರುಕು ಮುಚ್ಚಿಕೊಂಡಿತು.
ಹಾಗಾಗಿ ಇದರಲ್ಲಿ ನನ್ನದೂ ಒಂದು ಪಾಲು.

ಇಗೋ ಇಲ್ಲಿ, ತೂಬಿನಿಂದ ಎಡಕ್ಕೆ ನಲವತ್ತು ಹೆಜ್ಜೆ,
ಬುಡದ ಹುಲ್ಲು ನಡುಬೇಸಿಗೆಯಲ್ಲೂ ಹಸಿರು.
ಏರಿ ಇಲ್ಲಿ ಬೆವರುತ್ತದೆ.
ಬೆವರಲಿ, ದುಡಿಯುವ ಮೈ.
ದಿನಾ ಬೆಳಿಗ್ಗೆ ಒಂದು ಕ್ವಾರ್ಟರ್ ಬಾಟಲಿ ತುಂಬಿ
ಕಿಟಕಿಯಲ್ಲಿಡುತ್ತೇನೆ, ರೊಟ್ಟಿ ತಟ್ಟಿ ಮುಗಿಸುವಷ್ಟು ಹೊತ್ತು.
ಜಗಲಿಯಿಂದ ಪಾಲಯ್ಯ ಕೇಳುತ್ತಾನೆ, "ಬಣ್ಣ ಏನು?"
"ನೀರಿನ ಬಣ್ಣ."
ಆಮೇಲೆ ಅವನು ಚಹಾ ಕುಡಿಯುತ್ತಾನೆ.

ಹೋದ ವರ್ಷ ಚಿತ್ತೆ ಮಳೆ ಮೂರು ರಾತ್ರಿ ಬಿಡದೆ ಹೊಯ್ಯಿತು.
ಮೀನಿನ ಗುತ್ತಿಗೆಯವನು ಕೋಡಿಗೆ ಬಲೆ ಕಟ್ಟಿದ್ದ,
ಮೀನು ಹೋಗದಿರಲಿ ಅಂತ. ಕಸ ಸಿಕ್ಕಿ ನೀರೂ ಹೋಗಲಿಲ್ಲ.
ಬಾಟಲಿ ತುಂಬಿ ಬ್ಯಾಟರಿ ಬಿಟ್ಟೆ:
ಹಾಲು ಕಮ್ಮಿ ಬಿದ್ದ ಚಹಾ.
ತಳದಲ್ಲಿ ಒಂದು ಬೆರಳು ಕೆಮ್ಮಣ್ಣು.
ಅದು ಸೋರುವ ನೀರಲ್ಲ ಸಾಹೇಬ್ರೆ,
ಅದು ಏರಿ. ಏರಿಯೇ ಎದ್ದು ಹೊರಟಿತ್ತು.

ಹುಡುಗರು ಓಡಿಬಂದರು. ಗುದ್ದಲಿ, ಜೇಡಿ, ಗೊಬ್ಬರದ ಚೀಲ.
"ಮುಚ್ಚು! ಒತ್ತು! ತುಳಿ!"
ನಾನು ತೂತಿನ ಮೇಲೆ ಕೂತುಬಿಟ್ಟೆ. ನಗಬೇಡಿ.
ಇಲ್ಲಿ ಮುಚ್ಚಿದರೆ ಅದು ಬೇರೆಲ್ಲೋ ಬಾಯಿ ತೆಗೆಯುತ್ತದೆ,
ನಮಗೆ ಕಾಣದ ಕಡೆ.
ನೀರನ್ನು ಬಿಡ್ರೋ, ಮಣ್ಣನ್ನು ಹಿಡೀರಿ!
ಶಾಲೆ ಕಾಂಪೌಂಡಿಗೆ ತರಿಸಿದ್ದ ಮರಳು ಮೊದಲು,
ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು.
ಬೋಸಯ್ಯನ ಮಗ ಗಾದ್ರಿ ಸೊಂಟಕ್ಕೆ ಹಗ್ಗ ಬಿಗಿದು
ಕೋಡಿಗಿಳಿದು ಕುಡುಗೋಲಿನಲ್ಲಿ ಬಲೆ ಕೊಯ್ದ.
ಗುತ್ತಿಗೆಯವನ ಮೀನೆಲ್ಲ ಮಾರನೆ ದಿನ
ಕೆಳಗಿನ ಮೆಕ್ಕೆಜೋಳದಲ್ಲಿ.

ಏರಿ ಬಲಿ ಕೇಳುತ್ತದೆ ಅಂತಿದ್ದರಂತೆ ಹಿಂದಿನವರು,
ಅದೂ ಹೆಂಗಸನ್ನೇ.
ಆ ರಾತ್ರಿಯೆಲ್ಲ ಅದರ ಬುಡದಲ್ಲೇ ಕೂತಿದ್ದೆನಲ್ಲ,
ನನ್ನ ಕಿವಿಗೆ ಬಿದ್ದದ್ದು ಎರಡು ಟ್ರ್ಯಾಕ್ಟರ್ ಮರಳು, ಅಷ್ಟೆ.

ಬೆಳಗಿಗೆ ಬಾಟಲಿ ತಿಳಿಯಾಗಿತ್ತು. ಪೂರ್ತಿ ಅಲ್ಲ.
ಪಾಲಯ್ಯನಿಗೆ "ನೀರಿನ ಬಣ್ಣ" ಅಂದೆ.
ಅವನು ಇಸಕೊಂಡು ಬಿಸಿಲಿಗೆ ಹಿಡಿದ,
ಎಷ್ಟೋ ಹೊತ್ತು ಹಿಡಿದೇ ಇದ್ದ.
ಚಹಾ ಆರಿತು.

ಏನು ಬರೆದಿರಿ? ತೃಪ್ತಿಕರವೋ?
ಇರಲಿ. ಆದರೆ ಆ ಮರಳನ್ನು
ಹೆಡ್‌ಮಾಸ್ಟರು ವಾಪಸ್ಸು ಕೇಳುತ್ತಿದ್ದಾರೆ, ಲೆಕ್ಕ ಒಪ್ಪಿಸಬೇಕಂತೆ.
ಅಲ್ಲಿಂದ ಒಂದು ಪುಟ್ಟಿಯೂ ತೆಗೆಯಕೂಡದು ಅಂತ
ಒಂದು ಚೀಟಿ ಬರೆದುಕೊಡಿ,
ಸೀಲು ಹಾಕಿ.