ಇಪ್ಪತ್ತು ಲೀಟರಿನ ಬಾಯಿ

ದೇಗು ನಗರದಲ್ಲಿ ಕಸ ಬಿಸಾಡುವುದಕ್ಕೂ ದುಡ್ಡು.
ಅಂಗಡಿಗೆ ಹೋಗಿ ಎಣಿಸಿ ತರಬೇಕು
ನಗರಸಭೆಯ ಮುದ್ರೆ ಹೊತ್ತ ಚೀಲ;
ಬೇರೆ ಚೀಲದಲ್ಲಿ ಕಟ್ಟಿಟ್ಟರೆ ಲಾರಿಯವರು ಮುಟ್ಟುವುದಿಲ್ಲ,
ಚೀಟಿ ಅಂಟಿಸಿ ಹೋಗುತ್ತಾರೆ, ಓಣಿಯೆದುರೇ ಮಾನ ಹರಾಜು.
ಹಾಗಾಗಿ ನಾನು ಕುಕ್ಕಿ ಕುಕ್ಕಿ ತುಂಬುವವಳು:
ಈರುಳ್ಳಿ ಸಿಪ್ಪೆ, ಮೊಟ್ಟೆಯ ಓಡು,
ಸಾರು ಕುಡಿದಾದ ಮೇಲೆ ಬೋಗುಣಿ ತುಂಬ ಉಳಿದ ಕಪ್ಪೆಚಿಪ್ಪು.

ಆ ಚಿಪ್ಪು ಸುರಿದಾಗಲೇ ಆದದ್ದು.
ಡಬ್ಬಿಯ ಅಂಚಿಗೆ ಮಡಚಿದ್ದ ಚೀಲದ ಬಾಯಿ
ಒಂದು ಬದಿ ಸಡಿಲಿ ಸರ್ರನೆ ಒಳಗಿಳಿಯಿತು.
ಚಿಪ್ಪೆಲ್ಲ ಚೀಲದ ಹೊರಗೆ, ಡಬ್ಬಿಯ ಒಳಗೆ,
ಎಲ್ಲಿಗೂ ಸಲ್ಲದ ಆ ಸಂದಿಯಲ್ಲಿ.
ಮೊಣಕೈವರೆಗೆ ಕೈ ಇಳಿಸಿ ಒಂದೊಂದೇ ಹೆಕ್ಕುತ್ತಿದ್ದೆ.
ಗಂಡ, ತಾಕ್ ಗ್ಯುಹ್ವಾನ್, ಬಾಗಿಲಲ್ಲಿ ನಿಂತು ನೋಡಿ
"ಅಂಚಿನದು ತಪ್ಪು" ಅಂದ.
ಮೂವತ್ತೆಂಟು ವರ್ಷದ ಸಂಸಾರದಲ್ಲಿ
ತಪ್ಪು ನನ್ನದಲ್ಲದ ಮೊದಲ ದಿನ.

ಬದುಕಿಡೀ ಅಚ್ಚು ಕೊರೆದವನು,
ಕಂಡವರ ಬಕೆಟ್ಟಿಗೆ, ಕಂಡವರ ಬೋಸಿಗೆ.
ಬುಕ್‌ಸಂಗ್ ಬೀದಿಯ ಹಳೇ ಅಂಗಡಿಗಳಿಂದ
ತಗಡು, ಸ್ಪ್ರಿಂಗು, ಅರ ತಂದು ಹಿತ್ತಲಲ್ಲಿ ಕೂತ.
ರಬ್ಬರ್ ಬಳೆ ತೊಡಿಸಿದ;
ತಿಂಗಳಲ್ಲಿ ಅದು ಮುದಿ ಕಾಲುಚೀಲದ ಹಾಗೆ ಜೋತುಬಿತ್ತು.
ನಾಲ್ಕು ಚಿಮಟ ಕಚ್ಚಿಸಿದ;
ಬಿಡಿಸುವಾಗ ಚೀಲವೂ ಹರಿದು ಬಂತು.
ಉಂಗುರದೊಳಗೊಂದು ಉಂಗುರ ಕೂರಿಸಿದ;
ಒತ್ತಲು ಎರಡು ಕೈ ಸಾಲದೆ ನನ್ನ ಮಂಡಿಯೂ ಬೇಕಾಯಿತು.
ತಳದಲ್ಲಿ ಸಿಕ್ಕ ಗಾಳಿ ಚೀಲವನ್ನು ಉಬ್ಬಿಸುತ್ತದೆಂದು
ಆರು ತೂತು ಕೊರೆದ. "ಉಸಿರಾಡಲಿ."
(ಅದೊಂದು ನಿಜಕ್ಕೂ ಒಳ್ಳೆಯದಾಯಿತು.
ತುಂಬಿದ ಚೀಲ ಎತ್ತಿದರೆ ಈಗ ಡಬ್ಬಿ ಜೊತೆಗೆ ಏಳುವುದಿಲ್ಲ.)
ಫ್ರಿಜ್ಜಿನಲ್ಲಿ ಎರಡು ಕಿಲೋ ಚಿಪ್ಪು, ಮೇಲೊಂದು ಚೀಟಿ:
ಪರೀಕ್ಷೆಗೆ. ಎಸೆಯಬೇಡ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು;
ಕಸದ ಡಬ್ಬಿಯ ಇಂಜಿನಿಯರು ಎಂದು ಓಣಿ ನಕ್ಕಿತು.
ಇವನಿಗೆ ಒಂದು ಬಾಯಿ ತೆರೆದೇ ಇರಲಿ ಎಂಬುದಷ್ಟೇ ಚಿಂತೆ.

ಒಂದು ಸಂಜೆ ಕೆಳಮನೆಯ ಬೊಂಗ್‌ನ್ಯೊ ಅಜ್ಜಿ
ಒಲೆಯ ಬೂದಿ ಸುರಿಯಲು ಬಂದಳು.
ನಾನು ಚೀಲದ ಬಾಯಿ ಹಿಡಿದೆ.
"ಹಾಗೇ ಇರು" ಅಂದ ಇವನು.
ನಾಲ್ಕು ಬೆರಳು ಹೊರಗೆ, ಹೆಬ್ಬೆಟ್ಟು ಒಳಗೆ.
"ಹೆಬ್ಬೆಟ್ಟು ತೆಗಿ." ಚೀಲ ಜಾರಿತು.
"ಇಡು." ನಿಂತಿತು.
ಅಜ್ಜಿ ಬೂದಿಯ ತಟ್ಟೆ ಹಿಡಿದು ಕೆಮ್ಮುತ್ತಿದ್ದಳು.

ಇವನ ಬಲಗೈಯಲ್ಲಿ ಹೆಬ್ಬೆಟ್ಟಿಲ್ಲ.
ನಮ್ಮ ಮದುವೆಯ ಎರಡನೇ ವರ್ಷ ಪ್ರೆಸ್ಸಿಗೆ ಹೋಯಿತು;
ಪರಿಹಾರದ ಕಾಗದಕ್ಕೆ ಎಡಗೈಯದನ್ನು ಒತ್ತಿ ಬಂದಿದ್ದ.
ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬಂದದ್ದಿಲ್ಲ.
ಆ ರಾತ್ರಿ ವರ್ನಿಯರ್ ತಂದು
ನನ್ನ ಹೆಬ್ಬೆಟ್ಟಿನ ಅಗಲ ಅಳೆದ, ದಪ್ಪ ಅಳೆದ,
ಗೆಣ್ಣು ಬಾಗುವ ಕೋನ ಬರೆದುಕೊಂಡ.
ಉಕ್ಕು ತಣ್ಣಗಿತ್ತು. ನಾನು ಕೈ ಎಳೆದುಕೊಳ್ಳಲಿಲ್ಲ.

ಹನ್ನೊಂದನೆಯ ಡಬ್ಬಿಯ ಅಂಚಿನಲ್ಲಿ
ಮೂರು ಗಿಡ್ಡ ನಾಲಿಗೆ, ಒಳಮುಖವಾಗಿ.
ಭಾರ ಕೆಳಗೆ ಜಗ್ಗಿದಷ್ಟೂ ಅಂಚಿನತ್ತ ವಾಲಿ
ಚೀಲವನ್ನು ಒತ್ತಿಹಿಡಿಯುತ್ತವೆ;
ಮೇಲೆತ್ತಿದರೆ ಮರುಮಾತಿಲ್ಲದೆ ಬಿಟ್ಟುಕೊಡುತ್ತವೆ.
ಕಾರ್ಖಾನೆಯ ಹುಡುಗ ಬಂದು ಒತ್ತಿ ನೋಡಿ
"ಮೂರು ಬಿಡಿಭಾಗ ಹೆಚ್ಚಾಯಿತು ತಾತ" ಅಂದು,
ಚಹಾ ಕುಡಿದು ಹೋದ.

ಅಡುಗೆಮನೆಯಲ್ಲಿ ಅದೊಂದೇ ಇದೆ, ಅಂಥದ್ದು.
ನಾನು ಚಿಪ್ಪು ಸುರಿಯುವಾಗ
ಆಚೆಕೋಣೆಯಲ್ಲಿ ಟೀವಿಯ ಸದ್ದು ತಗ್ಗುತ್ತದೆ.
ಗಲಗಲ ಬಿದ್ದು ಚೀಲ ನಿಂತ ಮೇಲೆ
ಮತ್ತೆ ಏರುತ್ತದೆ.

ತುಂಬಿದ ಚೀಲ ಹೊರಗಿಡುವವನು ಅವನೇ.
ಬಾಯಿಗೆ ಗಂಟು ಹಾಕಲು ಮಾತ್ರ
ಬಾಗಿಲಲ್ಲಿ ನಿಂತು ನನ್ನನ್ನು ಕರೆಯುತ್ತಾನೆ.