ಮುಚ್ಚಳ ತೆರೆಯದೆ

ಹನ್ನೊಂದು ವರ್ಷ ಹೈಡ್ರೋ ಮುಂದೆ ನಿಂತವನು ನಾನು.
ತೊಳೆದ ಜೀನ್ಸು ಹಿಂಡುವ ಯಂತ್ರ,
ಬಾವಿಯಂಥ ಉಕ್ಕಿನ ಡ್ರಮ್ಮು.
ಒಳಗೆ ಎಷ್ಟಿದೆ ಅಂತ ಎಣಿಸುವುದಿಲ್ಲ;
ಗುಂಡಿ ಒತ್ತಿ, ಕಾಲು ನೆಲಕ್ಕೆ ಊರಿ,
ತಿರುಗುವ ಪರಿ ಕೇಳಿ ಹೇಳುತ್ತೇನೆ:
ಅರವತ್ತು ಪ್ಯಾಂಟು, ಒಂದು ಬದಿಗೆ ಜಾಸ್ತಿ ಬಿದ್ದಿವೆ.
ಮಾಲೀಕರು ಎರಡು ಸಲ ಪಂದ್ಯ ಕಟ್ಟಿ ಸೋತರು.

ಹುಲಿಗೆಮ್ಮ ಲೇಬಲ್ ಹೊಲಿಯುತ್ತಾಳೆ, ರಾತ್ರಿ ಪಾಳಿ;
ಹಗಲು ಬಿಎಸ್ಸಿ, ಕೊನೆಯ ವರ್ಷ.
ಎರಡು ಗಂಟೆಯ ಚಹಾಕ್ಕೆ ಕೂತಾಗ
ಕಟಿಂಗ್ ಮಾಡುವವರ ಸೀಮೆಸುಣ್ಣ ಎತ್ತಿಕೊಂಡು
ಇನ್ನೂ ತೊಳೆಯದ ಒಂದು ತುಂಡು ಡೆನಿಮ್ ಮೇಲೆ
ಚುಕ್ಕೆ ಇಡುತ್ತ ಹೋದಳು.
"ನಡುವೆ ಸೂರ್ಯ. ಹತ್ತಿರ ಇರೋ ಬುಧ ಓಡ್ತಾನ,
ದೂರದ ಶನಿ ಎತ್ತಿನ ಬಂಡಿ.
ಹಿಡಿತ ದೂರ ಆದಂಗೆಲ್ಲ ನಡಿಗೆ ನಿಧಾನ.
ಗ್ಯಾಲಕ್ಸಿ ಒಳಗೂ ಹಂಗೇ ಇರಬೇಕಿತ್ತು, ಎರ್ರಿಸ್ವಾಮಣ್ಣ.
ಬೆಳಕೆಲ್ಲ ನಡುವೆ, ತೂಕಾನೂ ನಡುವೆ ಅಂದುಕೊಂಡಿದ್ರು.
ಅಂಚಿನ ಚುಕ್ಕಿ ತೆವಳಬೇಕಿತ್ತು."

ಗೆರೆ ಏರಿತು. ಇಳಿಯುತ್ತದೆಂದು ಕಾದೆ.
ಅವಳು ಇಳಿಸಲಿಲ್ಲ.
ಸೊಂಟದ ಪಟ್ಟಿಗೆ ಹಾಕುವ ಗುರುತಿನ ಹಾಗೆ
ಸೀದಾ ಎಳೆದಳು, ಬಟ್ಟೆಯ ಕೊನೆತನಕ,
ಬಟ್ಟೆ ಮುಗಿದು ಬೆಂಚಿನ ಮೇಲೂ ಒಂದು ಗೇಣು.

"ಯಾಕೆ?"
"ಕಾಣದ್ದು ಏನೋ ಐತಿ. ಕಂಡಿದ್ದರ ಐದಾರು ಪಟ್ಟು.
ಇಲ್ಲಾ, ಅಷ್ಟು ದೂರಕ್ಕೆ ನಮ್ಮ ಲೆಕ್ಕಾನೇ ತಪ್ಪು."

ನಾನೂ ಬುದ್ಧಿವಂತನಾಗಲು ನೋಡಿದೆ:
ದಾರ ಕತ್ತರಿಸುವ ಹೆಂಗಸರಂತೆ ಅನ್ನು,
ಕೌಲ್ ಬಜಾರಿನ ಮನೆಮನೆಯಲ್ಲಿ ಕೂತು,
ರಿಜಿಸ್ಟರಿನಲ್ಲಿ ಹೆಸರಿಲ್ಲದೆ,
ಇಡೀ ಕಾರ್ಖಾನೆ ಹಿಡಿದು ನಿಲ್ಲಿಸಿದವರು.
ನಕ್ಕಳು. "ಅವರು ಕಾಣ್ತಾರಲ್ಲಣ್ಣ. ನೀವು ನೋಡಲ್ಲ, ಅಷ್ಟೆ.
ನಮ್ಮವ್ವನೂ ಕತ್ತರಿಸ್ತಾಳ.
ಇದು ಬ್ಯಾರೆ. ಬೆಳಕಿಗೂ ಸಿಗಲ್ಲ, ಕೈಗೂ ಸಿಗಲ್ಲ.
ಈಗ ನಿಮ್ಮ ಗ್ಲಾಸಿನೊಳಗಿಂದಾನೂ ದಾಟಿ ಹೋಗ್ತಿರಬಹುದು."
ಗ್ಲಾಸು ನೋಡಿದೆ. ತಳದಲ್ಲಿ ಚಹಾಪುಡಿ.

ಮತ್ತೆ ಡ್ರಮ್ಮು ತುಂಬಿ ಚಾಲೂ ಮಾಡಿದ್ದೆ,
ಕರೆಂಟು ಹೋಯಿತು.
ಕುಡತಿನಿಯ ಚಿಮಣಿಯ ಕೆಂಪು ದೀಪ ಕಿಟಕಿಯಲ್ಲೇ ಇದೆ,
ಇಲ್ಲಿ ಮಾತ್ರ ಕೈಗೆ ಕೈ ಕಾಣದು.
ಯಾರೋ ಜನರೇಟರ್ ಕಡೆ ಎಡವುತ್ತ ಹೋದರು.
ಬ್ರೇಕಿನ ಪೆಡಲ್ ಮೇಲೆ ಕಾಲಿಟ್ಟವನು ಒತ್ತಲಿಲ್ಲ.
ಮೋಟಾರು ಸತ್ತರೂ ಡ್ರಮ್ಮು ತಿರುಗುತ್ತಲೇ ಇತ್ತು,
ಈಗ ಯಾರೂ ತಳ್ಳದೆ,
ಆಗಲೇ ಸಿಕ್ಕ ನೂಕಿನಲ್ಲಿ.

"ಎಷ್ಟೈತಿ, ಹೇಳ್ರಿ ನೋಡೋಣ," ಕತ್ತಲೊಳಗಿಂದ ಹುಲಿಗೆಮ್ಮ.
ಕಿವಿಗೊಟ್ಟೆ. ಹಿಮ್ಮಡಿಯಲ್ಲಿ ನೆಲದ ನಡುಕ.
ಐವತ್ತೆಂಟು, ಎಂದೆ.

ಬೆಳಕು ಬಂದ ಮೇಲೆ ಇಬ್ಬರೂ ಎಣಿಸಿದೆವು.
ಐವತ್ತೇಳು.
ಇನ್ನೊಂದು ಎಲ್ಲಿ ಎಂದು ಅವಳು ಕೇಳಲಿಲ್ಲ.
ನಾನು ಬಗ್ಗಿ, ಖಾಲಿ ಡ್ರಮ್ಮಿನೊಳಗೆ
ಮತ್ತೊಮ್ಮೆ ಕೈಯಾಡಿಸಿದೆ.